ಗಲ್ಲಕ್ಕೆ ಹಚ್ಚಿದ ಫ್ಲಾಸ್ಕು

ಮುಂಬಯಿ ಪಕ್ಕದ ಡೊಂಬಿವಲಿಯ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಶರಣಬಸಮ್ಮ ಹನ್ನೊಂದು ವರ್ಷ ಸವೆಸಿದ್ದಳು, ನೌಕರಿ ಮಾತ್ರ ಇನ್ನೂ ಟೆಂಪರರಿ. ಗುಲಬರ್ಗಾ ಕಡೆಯ ಹೆಂಗಸು, ವಿಠ್ಠಲವಾಡಿಯಿಂದ ಬೆಳಗಿನ ಲೋಕಲ್ ಹಿಡಿದು ಬರುವಳು. ಗಾಜಿನ ತಟ್ಟೆ ತೊಳೆಯಲು ಸೇರಿದವಳು ನೋಡಿ ನೋಡಿಯೇ ಅಗರ್ ಎಂಬ ಅಂಟುಪಾಕ ಕುದಿಸಿ ತಟ್ಟೆಗೆ ಸುರಿಯುವುದನ್ನು ಕಲಿತುಬಿಟ್ಟಳು. ಆರಿ ಹೆಪ್ಪುಗಟ್ಟಿದ ಆ ಅಗರಿನ ಮೇಲೆಯೇ ಬ್ಯಾಕ್ಟೀರಿಯಾ ಬೆಳೆಯಬೇಕು. ಬೇಕಾದ ಒಂದೇ ಜಾತಿ ಬೆಳೆದರೆ ಅದು ಶುದ್ಧ ಕಲ್ಚರ್. ಇನ್ನೊಂದು ನುಸುಳಿತೋ, ವಾರದ ಕೆಲಸ ಮಣ್ಣುಪಾಲು. ಬಿಸಿ ಹೆಚ್ಚಿದ್ದಾಗ ಸುರಿದರೆ ತಟ್ಟೆಯ ಮುಚ್ಚಳದಲ್ಲಿ ನೀರು ಕಟ್ಟುತ್ತದೆ, ತಡಮಾಡಿದರೆ ಫ್ಲಾಸ್ಕಿನಲ್ಲೇ ಗಂಟಾಗುತ್ತದೆ. ಹದ ನೋಡಲು ಅವಳು ಬಾಯಿ ಮುಚ್ಚಿದ ಫ್ಲಾಸ್ಕನ್ನು ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದಳು. ಗಲ್ಲ ತಾಳಿಕೊಂಡರೆ ಸುರಿಯುವುದು, ಅಷ್ಟೇ.

ತೊಂಬತ್ತನಾಲ್ಕರಲ್ಲಿ ವಿಶ್ರುತ ಎಂಬ ಹೊಸ ಆಫೀಸರ್ ಬಂದ. ಉಡುಪಿ ಕಡೆಯವನು. ಓದಿದ್ದು ಬಹಳ, ಕೊಬ್ಬು ಅದಕ್ಕಿಂತ ಬಹಳ.

“ಎಂತ ಅಸಹ್ಯ ಇದು! ನಿನ್ನ ಬೆವರು ಮುಖಕ್ಕೆ ತಾಗಿಸಿದ್ದರಲ್ಲಿ ಶುದ್ಧ ಕಲ್ಚರ್ ಬರ್ತದಾ?” ಎಂದು ಎಲ್ಲರೆದುರು ಗದರಿದ. ಸ್ಪಿರಿಟ್ಟಿನಲ್ಲಿ ಒರೆಸಿದ ಥರ್ಮಾಮೀಟರನ್ನು ಅಗರಿನೊಳಕ್ಕೇ ಅದ್ದಿ ಬಿಸಿ ನೋಡತೊಡಗಿದ. ಶರಣಬಸಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಪರ್ಮನೆಂಟ್ ಮಾಡುವ ಪತ್ರ ಆ ತಿಂಗಳೇ ಬರಬೇಕಿತ್ತು. ಹಲ್ಲು ಕಚ್ಚಿಕೊಂಡು ತಟ್ಟೆ ಜೋಡಿಸತೊಡಗಿದಳು.

ವಾರದೊಳಗೆ ತಟ್ಟೆ ತಟ್ಟೆಯಲ್ಲೂ ಬೇಡದ, ಸುಕ್ಕುಸುಕ್ಕಾದ ಬಿಳಿ ಚುಕ್ಕೆಗಳು ಎದ್ದವು. ವಿಶ್ರುತ ಲ್ಯಾಬಿನ ಮುಖ್ಯಸ್ಥೆ ಪ್ರಭಾ ಮೇಡಮ್ಮನ ಕೋಣೆಗೆ ಹೋಗಿ, ಇವಳ ಹೊಲಸು ಕೈಯೇ ಕಾರಣ, ಪತ್ರ ತಡೆಯಿರಿ ಎಂದ. ಬಾಗಿಲಲ್ಲಿದ್ದ ಶರಣಬಸಮ್ಮ ಕೇಳಿಸಿಕೊಂಡು ಒಳಗೇ ನುಗ್ಗಿದಳು.

“ಮೇಡಂ, ಒಂದೇ ಅಗರ್ ಎರಡು ಫ್ಲಾಸ್ಕಿನ್ಯಾಗ ಕುದಸ್ತೀನ್ರಿ. ಒಂದ್ರಾಗ ಸಾಹೇಬ್ರು ತಮ್ಮ ಥರ್ಮಾಮೀಟರ್ ಅದ್ದಲಿ, ಒಂದು ನಾ ಗಲ್ಲಕ್ಕ ಹಚ್ಚಿ ನೋಡ್ತೀನಿ. ಬ್ಯಾಕ್ಟೀರಿಯಾ ಹಾಕೋದೇ ಬ್ಯಾಡ. ಖಾಲಿ ಪ್ಲೇಟಿನ್ಯಾಗ ಏನ್ ಹುಟ್ತದ ನೋಡೂಣು.”

ಎರಡು ದಿನ ಕಾವಿನ ಪೆಟ್ಟಿಗೆಯಲ್ಲಿಟ್ಟು ತೆಗೆದರು. ಅವಳ ತಟ್ಟೆಗಳು ಸ್ವಚ್ಛ. ಅವನವುಗಳ ತುಂಬ ಅದೇ ಬಿಳಿ ಚುಕ್ಕೆ. ಥರ್ಮಾಮೀಟರಿಗೆ ಅಂಟಿದ್ದ ಕ್ರಿಮಿ ಸ್ಪಿರಿಟ್ಟಿಗೆ ಸತ್ತಿರಲಿಲ್ಲ.

“ತಪ್ಪು ನಿಮ್ಮದೇ ಮಾರಾಯ್ರೆ,” ಎಂದರು ಮೇಡಂ. ವಿಶ್ರುತನ ಮುಖ ಕಪ್ಪಿಟ್ಟಿತು. ಕ್ಷಮಿಸು ಎಂಬ ಒಂದು ಮಾತು ಆ ಬಾಯಿಂದ ಹೊರಡಲಿಲ್ಲ.

ಪತ್ರವೇನೋ ಬಂತು. ಹುದ್ದೆ ಮಾತ್ರ ಸಫಾಯಿ ಕಾಮಗಾರ್, ಅಂದರೆ ಕಸ ಗುಡಿಸುವವಳು. ಇವಳಿಗೆ ಲ್ಯಾಬಿನ ಕೆಲಸ ಬರುವುದಿಲ್ಲವೆಂದು ವಿಶ್ರುತ ಮೇಲಿನವರಿಗೆ ಬರೆದುಬಿಟ್ಟಿದ್ದ. ಮನುಷ್ಯನಾದವನು ಮಾಡುವ ಕೆಲಸವೇ ಅದು?

“ಹೆಸರಲ್ಲಿ ಎಂತ ಉಂಟು? ಕೆಲಸ ಮೊದಲಿನದ್ದೇ ಮಾಡಿ,” ಎಂದು ಮೇಡಂ ಸಮಾಧಾನ ಹೇಳಿದರು.

“ಪತ್ರದಾಗ ಏನ್ ಬರದಾರೋ ಅದನ್ನೇ ಮಾಡ್ತೀನ್ರಿ,” ಎಂದಳು ಶರಣಬಸಮ್ಮ. ಮರುದಿನವೇ ಪೊರಕೆ ಹಿಡಿದಳು.

ಮೂರನೆಯ ವಾರಕ್ಕೆ ಲ್ಯಾಬು ಹಳ್ಳ ಹಿಡಿಯಿತು. ಥರ್ಮಾಮೀಟರ್ ಬಿಟ್ಟು ಅಂದಾಜಿನ ಮೇಲೆ ಸುರಿಯತೊಡಗಿದ ವಿಶ್ರುತನ ಅಗರ್ ಒಮ್ಮೆ ಗಂಟು, ಒಮ್ಮೆ ಮುಚ್ಚಳದ ತುಂಬ ನೀರು. ಕೊನೆಗೆ ಬಿಸಿ ಫ್ಲಾಸ್ಕು ಹಿಡಿದು ಅವಳ ಮುಂದೆಯೇ ಬಂದು ನಿಂತ.

“ಶರಣಬಸಮ್ಮ, ಹದಕ್ಕೆ ಬಂತಾ, ಒಮ್ಮೆ ನೋಡಿ.”

ಅವಳು ತಲೆ ಎತ್ತಲಿಲ್ಲ.

“ಕಾಲ್ ತಗೀರಿ ಸಾಹೇಬ್ರ, ಕಸ ಹೊಡೀಬೇಕು.”