ಗೋಡೆಯ ಮೇಲಿನ ಸಣ್ಣ ಕುಳ್ಳು

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಅರ್ಧಕ್ಕೇ ಓದು ನಿಲ್ಲಿಸುತ್ತಿದ್ದೆ. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಸತ್ತವರು ಬಾಗಿಲು ಬಡಿದರು, ದೂರದವರು ಕನಸಿನಲ್ಲಿ ಕರೆದರು ಎಂದು ಯಾರಾದರೂ ಹೇಳಿದರೆ ವಾದ ಮಾಡುತ್ತಿರಲಿಲ್ಲ. ಆದರೆ ಒಳಗೊಳಗೇ ಅವರ ಮೇಲಿನ ಗೌರವ ಸ್ವಲ್ಪ ಕಡಿಮೆಯಾಗುತ್ತಿತ್ತು. ಈಗ ಓದುವವರಿಗೆ ನನ್ನ ಬಗ್ಗೆ ಹಾಗನ್ನಿಸಿದರೆ ನನಗೆ ಬೇಸರವಿಲ್ಲ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳದಿರಲು ಇದ್ದ ಕಾರಣಗಳಲ್ಲಿ ದೊಡ್ಡದು ನನ್ನ ಅವ್ವ. ಅವಳು ಹೋದ ವರ್ಷ ತೀರಿಕೊಂಡಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ದೇವದುರ್ಗದ ನಮ್ಮ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಅಪ್ಪ ಬೇಗ ಹೋದದ್ದರಿಂದ ಹಾಲು ಮಾರಿಯೇ ಮನೆ ನಡೆಯಬೇಕಿತ್ತು. ಅಕ್ಕ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಳು. ನಾನು ಓದಿದ್ದು ಅವಳ ದುಡಿಮೆಯಿಂದ. ಬೆಳಿಗ್ಗೆ ಅವಳು ಹಿತ್ತಲ ಗೋಡೆಗೆ ಸಾಲಾಗಿ ಸಗಣಿಯ ಕುಳ್ಳು ತಟ್ಟುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಕೊನೆಗೆ ಕೈಯಲ್ಲಿ ಉಳಿದ ಚೂರನ್ನು ರೂಪಾಯಿಯಷ್ಟಗಲ ಮಾಡಿ, ಗೋಡೆಯ ಕೆಳಗೆ, ನನ್ನ ಕೈಗೆ ಎಟಕುವಲ್ಲಿ ಅಂಟಿಸಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದಳು. "ಇದು ನಿನ್ನ ಒಲಿಗೆ" ಎನ್ನುತ್ತಿದ್ದಳು. ನನ್ನ ಆಟದ ಮಣ್ಣಿನ ಒಲೆಗೆ ಅದು ಉರುವಲು.

ನಮ್ಮ ಕಡೆ ಪ್ರತಿ ಹೆಂಗಸು ರೊಟ್ಟಿ ಬಡಿಯುವ ಸಪ್ಪಳ ಬೇರೆ ಬೇರೆ. ಅಕ್ಕನದು ಎರಡು ದೊಡ್ಡ ಏಟು, ಮೂರು ಸಣ್ಣವು, ಆಮೇಲೆ ಒಂದು ಏಟಿನಷ್ಟು ಬಿಡುವು. ಆ ಬಿಡುವಿನಲ್ಲಿ ಅವಳು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಮಾನ್ವಿಗೆ ಹೋದ ಮೇಲೆ ಅವಳು ತವರಿಗೆ ಬಂದರೆ ಪಕ್ಕದ ಮನೆಯ ಖಾಜಾಬಿಗೆ ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು.

"ಏನಕ್ಕಾ, ದೊಡ್ಡಾಕಿ ಬಂದಂಗದಲ್ಲ? ಒಂದು ಮಾತು ಹೇಳಬಾರದೇನು?" ಎಂದು ಅವ್ವನನ್ನು ಕೂಗುತ್ತಿದ್ದಳು.

"ಇನ್ನಾ ಮಾರಿ ತೊಳಕೊಂಡಿಲ್ಲ ಆಕಿ. ನಿನಗ್ಯಾರು ಹೇಳಿದ್ರು?"

"ರೊಟ್ಟಿ ಹೇಳಾಕತ್ತದ!"

"ಖಾಲಾ, ಬಿಸೀದು ಒಂದು ಕೊಡ್ತೀನಿ, ನೀ ಮೊದಲ ಕಿವಿ ಮುಚ್ಚಿಕೊ" ಎಂದು ಅಕ್ಕ ಒಲೆಯ ಮುಂದಿನಿಂದಲೇ ನಗುತ್ತಿದ್ದಳು.

ಮಾನ್ವಿಯ ಮನೆಯಲ್ಲಿ ಅವಳಿಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅಲ್ಲಿ ಅವಳಿಗೆ ಏನೇನಾಯಿತೆಂದು ನಾನು ಬರೆಯುವುದಿಲ್ಲ. ಬರಬರುತ್ತ ಅವಳು ಬೇಸಿಗೆಯಲ್ಲೂ ಉದ್ದ ತೋಳಿನ ಕುಪ್ಪಸ ಹಾಕುತ್ತಿದ್ದಳು ಎಂದರೆ ಸಾಕು. ನಾನು ರಾಯಚೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಒಂದು ದಿನ ನನ್ನ ಬಾಡಿಗೆ ಕೋಣೆಗೆ ಬಂದು, "ನಾಕು ದಿನ ನಿನ್ನ ಸಂಗಾಟ ಇರ್ಲೇನ?" ಎಂದು ಕೇಳಿದಳು. ಪರೀಕ್ಷೆಯ ಕೆಲಸವಿತ್ತು. ಮುಗಿದ ಮೇಲೆ ಬಾ ಎಂದೆ. "ಹೌದಲ್ಲ, ನಿನಗ ಕೆಲಸ ಇರ್ತದ" ಎಂದಳು. ನಾನೇ ಬಸ್ಸಿಗೆ ಹತ್ತಿಸಿ ಬಂದೆ.

ಅದಾಗಿ ಹದಿನೈದು ದಿನಕ್ಕೆ ಅವಳು ಮಾನ್ವಿಯಿಂದ ಹೊರಟವಳು ಎಲ್ಲಿಗೂ ಮುಟ್ಟಲಿಲ್ಲ. ರಾಯಚೂರಿನ ರೈಲು ನಿಲ್ದಾಣದಲ್ಲಿ ಒಬ್ಬಳೇ ಕೂತದ್ದನ್ನು ಊರಿನವರೊಬ್ಬರು ನೋಡಿದ್ದರು. ಅಲ್ಲಿಂದ ಒಂದು ಕಡೆಗೆ ಮುಂಬಯಿ, ಇನ್ನೊಂದು ಕಡೆಗೆ ಮದ್ರಾಸು. ನಮ್ಮ ಕಡೆಯ ಮಂದಿ ಕೂಲಿಗೆ ಹೋಗುವುದು ಮುಂಬಯಿ, ಪುಣೆಗೆ. ಆದ್ದರಿಂದ ಹುಡುಕಿದ್ದೆಲ್ಲ ಅಲ್ಲಿ. ಮಾತು ತಿಳಿಯದ ಮದ್ರಾಸಿಗೆ ಅವಳು ಯಾಕೆ ಹೋಗುತ್ತಾಳೆ ಎಂದು ಆ ಹೆಸರನ್ನೇ ಯಾರೂ ಎತ್ತಲಿಲ್ಲ. ಭಾವ ನಮ್ಮ ಪಡಸಾಲೆಯಲ್ಲಿ ನಿಂತು, "ಸಿಗ್ಲಿ ಆಕಿ, ಕೂದಲಾ ಹಿಡಿದು ಎಳಕೊಂಡು ಬರ್ತೀನಿ" ಎಂದ. ಅವ್ವ ತಲೆ ತಗ್ಗಿಸಿ ಕೂತಿದ್ದಳು.

ನಾಲ್ಕು ವರ್ಷ ಕಳೆಯಿತು. ಒಂದು ಬೇಸಿಗೆಯಲ್ಲಿ ಕಾಲೇಜಿನವರು ನನ್ನನ್ನು ಆರು ವಾರದ ತರಬೇತಿಗೆ ಮದ್ರಾಸಿಗೆ ಕಳಿಸಿದರು. ನನಗೆ ತಮಿಳು ಬಾರದು. ಇಂಗ್ಲಿಷು ತರಗತಿಯೊಳಗೆ ಸಾಕಾಗುತ್ತಿತ್ತು, ರಸ್ತೆಗಿಳಿದರೆ ಅದೂ ಇಲ್ಲ. ಅಂಗಡಿಯ ಫಲಕ ಓದಲು ಬಾರದು, ಬಸ್ಸಿನ ಹೆಸರು ತಿಳಿಯದು. ಆದರೂ ಭಾನುವಾರಗಳಂದು ಒಬ್ಬಳೇ ನಡೆಯಲು ಹೋಗುತ್ತಿದ್ದೆ. ಯಾರ ಮಾತೂ ತಿಳಿಯದ ಊರಿನಲ್ಲಿ ಒಂದು ನೆಮ್ಮದಿಯಿರುತ್ತದೆ, ಅಕ್ಕನ ಸುದ್ದಿ ಏನಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ದಾರಿ ತಪ್ಪದಿರಲೆಂದು ಪ್ರತಿ ತಿರುವನ್ನೂ ಒಂದು ವಹಿಯಲ್ಲಿ ಗೆರೆ ಎಳೆದು ಗುರುತು ಹಾಕಿಕೊಳ್ಳುತ್ತಿದ್ದೆ. ಕೈಪಂಪು, ಬೇವಿನ ಮರ, ಹಸಿರು ಬಾಗಿಲಿನ ದರ್ಜಿ ಅಂಗಡಿ, ಹೀಗೆ.

ಮೂರನೆಯ ಭಾನುವಾರ, ಮಧ್ಯಾಹ್ನ ಮೂರೂವರೆ ಇರಬಹುದು. ಬಿಸಿಲಿಗೆ ಓಣಿಗಳೆಲ್ಲ ಖಾಲಿ. ಆಗ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಎರಡು ದೊಡ್ಡ, ಮೂರು ಸಣ್ಣ, ಬಿಡುವು. ಬಳೆ. ಮತ್ತೆ ಎರಡು ದೊಡ್ಡ.

ನಾನು ನಿಂತೆ. ಅನ್ನ ಉಣ್ಣುವ ಊರು ಅದು, ಆ ಹೊತ್ತಿನಲ್ಲಿ ಜೋಳದ ರೊಟ್ಟಿ ಯಾರು ಬಡಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬಟ್ಟೆ ಒಗೆಯುತ್ತಿರಬಹುದು ಎಂದೂ ಅಂದುಕೊಂಡೆ. ಏಟುಗಳನ್ನು ಎಣಿಸಿದೆ. ಇಪ್ಪತ್ತು ಸಲ ಎಣಿಸಿದೆ, ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ಕಾಲುಗಳು ತಾವಾಗಿ ನಡೆದವು. ಕೈಪಂಪಿನ ಹತ್ತಿರ ಇಬ್ಬರು ಹೆಂಗಸರಿದ್ದರು. ಅವರ ಮುಂದೆ ನಿಂತು ಅಂಗೈ ಆಡಿಸಿ ರೊಟ್ಟಿ ಬಡಿಯುವುದನ್ನು ಮಾಡಿ ತೋರಿಸಿ, ಕಿವಿ ಮುಟ್ಟಿಕೊಂಡೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಒಬ್ಬಳು ನನಗೆ ಹಸಿವಾಗಿದೆ ಎಂದುಕೊಂಡು ಉಣ್ಣುವ ಸನ್ನೆ ಮಾಡಿ ಒಳಗೆ ಕರೆದಳು. ಬೇಡವೆಂದು ಕೈಮುಗಿದು ಮುಂದೆ ಹೋದೆ. ಆಗಲೂ ವಹಿಯಲ್ಲಿ ತಿರುವು ಬರೆದುಕೊಳ್ಳುವುದನ್ನು ಬಿಡಲಿಲ್ಲ.

ಎಡಕ್ಕೆ ಎರಡನೆಯ ಓಣಿಗೆ ತಿರುಗಿದ ಕೂಡಲೇ ಸಪ್ಪಳ ನಿಂತಿತು. ಅಲ್ಲಿ ಒಲೆಯಿರಲಿಲ್ಲ, ರೊಟ್ಟಿಯೂ ಇರಲಿಲ್ಲ. ಒಂದು ಉದ್ದ ಗೋಡೆಯಿತ್ತು. ಗೋಡೆಯ ತುಂಬ ಹಸಿ ಕುಳ್ಳು, ಒಂದೊಂದರ ಮೇಲೂ ಬೆರಳುಗಳ ಗುರುತು. ಕೊನೆಯ ಸಾಲಿನ ಕೆಳಗೆ, ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ರೂಪಾಯಿಯಷ್ಟಗಲದ ಒಂದೇ ಒಂದು ಸಣ್ಣ ಕುಳ್ಳು. ನಡುವೆ ಗುಳಿ.

ನಾನು ಕೂತು ಅದನ್ನು ಮುಟ್ಟಿದೆ. ಬೆರಳಿಗೆ ಅಂಟಿತು.

ಎದುರು ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಎದ್ದು ಬಂದು ನನ್ನ ಗದ್ದ ಹಿಡಿದು ಮುಖ ಎತ್ತಿ ನೋಡಿದಳು. ನಾನೂ ಅಕ್ಕನೂ ಒಂದೇ ಮುಖ ಎಂದು ಎಲ್ಲರೂ ಹೇಳುತ್ತಿದ್ದರು. ಮುದುಕಿ ಮಾತು ಶುರುಮಾಡಿದಳು. ನಿಧಾನವಾಗಿ, ಬಹಳ ಹೊತ್ತು. ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಒಮ್ಮೆ ನಕ್ಕಳು. ಒಮ್ಮೆ ಸೊಂಟದ ಕೆಳಗೆ ಅಂಗೈ ಚಾಚಿ, ಮೂರು ನಾಲ್ಕು ವರ್ಷದ ಮಗುವಿನ ಎತ್ತರ ತೋರಿಸಿದಳು. ಆಮೇಲೆ ಓಣಿಯ ಆ ತುದಿಗೆ ಕೈ ಮಾಡಿ ಎರಡೂ ಅಂಗೈ ಬಿಚ್ಚಿದಳು. ಈಗಷ್ಟೇ ಹೋದರು ಎಂದೋ, ಇನ್ನು ಬರುವುದಿಲ್ಲ ಎಂದೋ, ಯಾರೂ ಉಳಿಯಲಿಲ್ಲ ಎಂದೋ. ನಾನು ಅಕ್ಕನ ಹೆಸರು ಹೇಳಿದೆ. ಅವಳು ತಲೆಯಾಡಿಸುತ್ತಲೇ ಇದ್ದಳು. ಆದರೆ ಅವಳು ಮೊದಲಿನಿಂದಲೂ ತಲೆಯಾಡಿಸುತ್ತಿದ್ದಳು. ನನಗೆ ಬೇಕಾದದ್ದೆಲ್ಲ ಅವಳು ಹೇಳುತ್ತಿದ್ದಾಳೆ, ನನಗೆ ಒಂದು ಶಬ್ದವೂ ತಿಳಿಯುತ್ತಿಲ್ಲ. ಅಷ್ಟು ಓದಿದವಳು ನಾನು. ಅವತ್ತಿನಷ್ಟು ದಡ್ಡಿ ಎಂದೂ ಆಗಿರಲಿಲ್ಲ.

ಓಣಿಯ ತುದಿಯವರೆಗೆ ಓಡಿದೆ. ದೊಡ್ಡ ರಸ್ತೆ, ಬಸ್ಸು, ಜನ. ತಿರುಗಿ ಬರುವಷ್ಟರಲ್ಲಿ ಮುದುಕಿ ಒಳಗೆ ಹೋಗಿದ್ದಳು. ಯಾವ ಬಾಗಿಲೆಂದು ಗೊತ್ತಾಗಲಿಲ್ಲ.

ವಸತಿಗೃಹದಲ್ಲಿ ನನ್ನ ಜೊತೆಯಿದ್ದವಳು ಕೋಲಾರದ ವಸಂತಾ. ಅವಳಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಒಳಗೆ ಬಂದ ಕೂಡಲೇ, "ಏನ್ರೀ, ಕೈ ಸಗಣಿ ವಾಸನೆ? ಮದ್ರಾಸಿಗೆ ಬಂದು ದನ ಕಾಯೋಕೆ ಹೋಗಿದ್ರಾ?" ಎಂದಳು. ಸಗಣಿ ನನ್ನ ಬೆರಳಿಗೆ ಅಂಟಿದ್ದಕ್ಕೆ ಅವಳೊಬ್ಬಳೇ ಸಾಕ್ಷಿ. ಹಳೆಯ ಪರಿಚಯದವರೊಬ್ಬರನ್ನು ಹುಡುಕಬೇಕು ಎಂದಷ್ಟೇ ಹೇಳಿ, ಮರುದಿನ ಸಂಜೆ ತರಗತಿ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೊರಟೆ. ವಹಿ ಕೈಯಲ್ಲಿತ್ತು. ಬೇವಿನ ಮರ, ದರ್ಜಿ ಅಂಗಡಿ, ಕೈಪಂಪು, ಎಲ್ಲ ಇದ್ದಲ್ಲೇ ಇದ್ದವು. ಎಡಕ್ಕೆ ಎರಡನೆಯ ಓಣಿ. ಅದೇ ಉದ್ದ ಗೋಡೆ. ಅದರ ಮೇಲೆ ಹಳೆಯ ನೀಲಿ ಸುಣ್ಣ, ಅಲ್ಲಲ್ಲಿ ಹಕ್ಕಳೆ ಎದ್ದದ್ದು. ಸಗಣಿಯ ಕಲೆ ಎಲ್ಲಿಯೂ ಇಲ್ಲ. ಒಂದು ದಿನದಲ್ಲಿ ಬಳಿದ ಸುಣ್ಣವಲ್ಲ ಅದು.

ವಸಂತಾ ಅಲ್ಲಿದ್ದ ಒಬ್ಬರನ್ನು ಕೇಳಿದಳು. ಈ ಓಣಿಯಲ್ಲಿ ದನ ಕಟ್ಟುವುದು ತನ್ನ ತಂದೆಯ ಕಾಲಕ್ಕೇ ನಿಂತಿತು ಎಂದರಂತೆ. ನಾನು ಹೇಳಿದಂಥ ಮುದುಕಿಯೂ ಇಲ್ಲವಂತೆ. "ಬೇರೆ ಓಣಿ ಇರ್ಬೇಕು ಬಿಡ್ರೀ, ಇಲ್ಲಿ ಎಲ್ಲ ಒಂದೇ ಥರ ಕಾಣ್ತವೆ" ಎಂದು ವಸಂತಾ ಸಮಾಧಾನ ಹೇಳಿದಳು. ಉಳಿದ ಮೂರು ವಾರ ಸುತ್ತಲಿನ ಎಲ್ಲ ಓಣಿಗಳನ್ನೂ ನೋಡಿದೆ. ಅಂಥ ಗೋಡೆ ಮತ್ತೊಂದಿರಲಿಲ್ಲ.

ನಾನು ದೇವದುರ್ಗಕ್ಕೆ ಮರಳಿದ ವಾರವೇ ಭಾವ ಇಬ್ಬರು ಹಿರಿಯರೊಡನೆ ಬಂದ. ಅವನಿಗೆ ಬೇರೆ ಹೆಣ್ಣು ಗೊತ್ತಾಗಿತ್ತು. ಅವ್ವ ಒಪ್ಪಿ ಅಕ್ಕನಿಗೆ ಸತ್ತವರ ಕಾರ್ಯ ಮಾಡಿದರೆ ಮಾತ್ರ ಆ ಹೆಣ್ಣಿನ ಮನೆಯವರು ಮದುವೆಗೆ ಒಪ್ಪುತ್ತಿದ್ದರು.

"ನಾಕು ವರ್ಷ ಆತ್ರೀ ಅತ್ತಿ. ನಾ ಎಷ್ಟು ದಿನ ಹಿಂಗ ಕುಂದರ್ಲಿ?" ಎಂದ. ಮತ್ತೆ, "ಎಲ್ಲ್ಯಾರ ಅದಾಳ ಅಂತ ಗೊತ್ತಿದ್ರ ಹೇಳ್ರಿ, ಇವತ್ತ ರೈಲು ಹತ್ತತೀನಿ" ಎಂದ.

ಅವ್ವ ನನ್ನ ಕಡೆ ತಿರುಗಿದಳು. "ಇಕಿ ಓದಿದಾಕಿ. ಇಕಿ ಹೇಳಿದಂಗ ನಾ ಕೇಳ್ತೀನಿ. ಹೇಳವ್ವಾ, ನಿಮ್ಮಕ್ಕ ಅದಾಳೋ, ಇಲ್ಲೋ?"

ನನ್ನ ಬಾಯಿಂದ ಮದ್ರಾಸು ಎಂಬ ಒಂದು ಮಾತು ಬಿದ್ದಿದ್ದರೆ ಅವ್ವ ಅವತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಭಾವ ಆ ಓಣಿಗಳಲ್ಲಿ ಹುಡುಕಲು ಹೋಗುತ್ತಿದ್ದ. ಒಂದು ವೇಳೆ ಅಕ್ಕ ಇದ್ದರೆ, ಮಗುವೊಂದು ಇದ್ದರೆ, ಅವನ ಕೈಗೆ ಸಿಗುತ್ತಿದ್ದರು. ಇಲ್ಲದಿದ್ದರೆ, ಸುಣ್ಣ ಬಳಿದ ಗೋಡೆಯನ್ನು ನಂಬಿ ಅವ್ವ ಉಳಿದ ಜೀವಮಾನ ಕಾಯುತ್ತಿದ್ದಳು.

"ಇಲ್ಲ ಅವ್ವ" ಎಂದೆ.

ಅಕ್ಕನ ಹಳೆಯ ಸೀರೆಯೊಂದನ್ನು ಇಟ್ಟು, ಎಡೆ ಹಿಡಿದು ಕಾರ್ಯ ಮುಗಿಸಿದರು. ಖಾಜಾಬಿ ಗೋಡೆಯಾಚೆ ಅತ್ತದ್ದು ಕೇಳಿಸಿತು. ಅವ್ವ ಅಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆವು. ಅವ್ವ ಕೇಳಿದಳು:

"ಮದ್ರಾಸಿನ್ಯಾಗ ಮಂದಿ ಮಾತು ತಿಳೀತದೇನು?"

"ಒಂದೂ ತಿಳೀಲಿಲ್ಲ ನನಗ."

"ಹಂಗಾದ್ರ ನಮ್ಮಂಥಾಕಿ ಒಬ್ಬಾಕಿ ಅಲ್ಲಿ ಹೆಂಗ ಬದುಕ್ಯಾಳು?"

ಆ ಊರಿನ ಬಗ್ಗೆ ನಾನು ಅವಳಿಗೆ ತರಬೇತಿಯ ವಿಷಯ ಬಿಟ್ಟು ಏನನ್ನೂ ಹೇಳಿರಲಿಲ್ಲ. ತಂಬಿಗೆ ತಿಕ್ಕುವುದನ್ನು ನಿಲ್ಲಿಸದೆ, "ದಿನಾ ಕಿವಿ ಮ್ಯಾಲ ಬಿದ್ರ ಕಲೀತಾರವ್ವ" ಎಂದೆ.

"ಎಷ್ಟು ದಿನ ಬೇಕು?"

"ಒಂದು ವರ್ಷ ಸಾಕು."

ಅವ್ವ ಪಾತ್ರೆಗೆ ನೀರು ಸುರಿದಳು. "ಹಂಗಾದ್ರ ಇಷ್ಟೊತ್ತಿಗೆ ಕಲ್ತಿರ್ತಾಳ" ಎಂದು ಹೇಳಿ, ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದಳು.

ಆಮೇಲೆ ಐದು ವರ್ಷ ಬದುಕಿದ್ದಳು. ಅವಳು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳಿಗೆ ಏನು ಗೊತ್ತಿತ್ತು, ಹೇಗೆ ಗೊತ್ತಾಯಿತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.