ಪೂಜೆಗಿಟ್ಟ ಟ್ರ್ಯಾಕ್ಟರಿನ ಬ್ಯಾಟರಿ

ಬಟನ್ ಒತ್ತಿದರೆ ನಮ್ಮ ಎಲೆಕ್ಟ್ರಿಕ್ ಕಾರು ಟಿಕ್ ಟಿಕ್ ಟಿಕ್ ಎನ್ನುತ್ತಿತ್ತೇ ಹೊರತು ಹೊರಡುವ ಲಕ್ಷಣ ಕಾಣಲಿಲ್ಲ. ನ್ಯಾಮತಿಯಿಂದ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೊರಟಿದ್ದ ಮಾವನವರು ಆಗಲೇ ಒಳಗೆ ಕೂತಿದ್ದರು. ಬಸ್ಸು ಹತ್ತಲು ಅವರಿಗೆ ಆಗುವುದಿಲ್ಲ.

ಶೋರೂಮಿನ ಮೆಕ್ಯಾನಿಕ್ ಫೋನಿನಲ್ಲೇ ಶಬ್ದ ಕೇಳಿಸಿಕೊಂಡರು. "ದೊಡ್ಡ ಬ್ಯಾಟರಿ ಅಲ್ರೀ ಮೇಡಂ, ಮುಂದಿರೋ ಸಣ್ಣ ಬ್ಯಾಟರಿ ಇಳಿದೈತೆ. ರಾತ್ರಿ ಏನಾದ್ರೂ ಹಚ್ಚಿಟ್ಟಿದ್ರಾ?"

ಹಚ್ಚಿಟ್ಟಿದ್ದೆವು! ಹಿಂದಿನ ದಿನ ಆಯುಧಪೂಜೆ. ಕಾರಿನ ಸ್ವಿಚ್ ಅರ್ಧ ಹಾಕಿ, ಒಳಗಿನ ಚಾರ್ಜರ್ ಸಾಕೆಟ್ಟಿಗೇ ಸೀರಿಯಲ್ ಸೆಟ್ ಸಿಕ್ಕಿಸಿ ಬೆಳಗಿನ ತನಕ ಮಿನುಗಿಸಿದ್ದೆವು. ಬೇರೆ ಗಾಡಿಯ ಬ್ಯಾಟರಿಯಿಂದ ವೈರ್ ಕೊಟ್ಟರೆ ಸಾಕು ಎಂದರು ಮೆಕ್ಯಾನಿಕ್. ವೈರ್ ಡಿಕ್ಕಿಯಲ್ಲಿತ್ತು.

ಹತ್ತಿರ ಇದ್ದದ್ದು ಪಕ್ಕದ ಮನೆಯ ಗೌರಮ್ಮನವರ ಟ್ರ್ಯಾಕ್ಟರ್ ಒಂದೇ. ಅವರೋ, ಪೂಜೆಗಿಟ್ಟದ್ದನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಮುಟ್ಟುವವರಲ್ಲ. ಈಳಿಗೆಮಣೆಯನ್ನೂ ತೆಗೆಯದೆ ಬರೀ ಅವಲಕ್ಕಿಯಲ್ಲಿ ಹೊತ್ತು ಕಳೆಯುತ್ತಾರೆ. ವೈರ್ ಕೈಯಲ್ಲಿ ಹಿಡಿದು ಅವರ ಟ್ರ್ಯಾಕ್ಟರನ್ನೇ ನೋಡುತ್ತ ನಿಂತೆ.

ಅವರೇ ಬಂದು ಟ್ರ್ಯಾಕ್ಟರಿನ ಚೆಂಡುಹೂವಿನ ಹಾರ ತೆಗೆದರು. "ನೋಡ್ಕಂತ ನಿಂತ್ರೆ ಹೆಂಗವ್ವಾ? ಕರೆಂಟಿನ ಕಾರು ಅಂತ ಮೆರೀತಿದ್ರಿ, ಕೊನಿಗೆ ನಮ್ಮ ಡೀಸೆಲ್ ಗಾಡೀನೇ ಬೇಕಾತು ನೋಡು!"

"ಅಮ್ಮಾ, ಪೂಜೆ..." ಎಂದೆ.

"ಪೂಜೆ ಮತ್ತೆ ಮಾಡಾಕೆ ಬರ್ತೈತೆ. ನಿಮ್ಮ ಮಾವನ್ನ ಕರ್ಕಂಡು ನಡಿ."

ವೈರ್ ಕೊಟ್ಟೊಡನೆ ಕಾರು ಹೊರಟಿತು. ಸಂಜೆ ಮರಳಿದಾಗ ಗೌರಮ್ಮನವರು ಮತ್ತೆ ಸ್ನಾನ ಮಾಡಿ, ತೊಳೆದ ಟ್ರ್ಯಾಕ್ಟರಿಗೆ ಎರಡನೇ ಸಲ ಆರತಿ ಎತ್ತುತ್ತಿದ್ದರು. ಆ ಪೂಜೆ ಮುಗಿಯುವ ತನಕ ಅವಲಕ್ಕಿಯನ್ನೂ ಮುಟ್ಟುವುದಿಲ್ಲ ಎಂದು ಬೆಳಗಿನಿಂದ ಉಪವಾಸವಿದ್ದರಂತೆ.