ಸತ್ತಾರ್ ಭಾಯ್ ಹಾಕಿದ ಸೊನ್ನೆ

ಸಿಯಾಟಲ್‌ನಿಂದ ಕೆನಡಾದ ವ್ಯಾಂಕೂವರ್‌ಗೆ ಐವತ್ತೆಂಟು ನಿಮಿಷದಲ್ಲಿ ಓಡಲಿರುವ ರೈಲಿಗೆ ಬಣ್ಣ ಹಚ್ಚುವವನು ನಾನು. ರೈಲಿಗಲ್ಲ, ನಕಾಶೆಯ ಮೇಲಿನ ಗೆರೆಗೆ. ಮೂರು ವರ್ಷದಲ್ಲಿ ಹಸಿರಿದ್ದದ್ದು ನೀಲಿಯಾಗಿದೆ. ಹೆಣ್ಣಿನ ಕಡೆಯವರಿಗೆ ಕಳಿಸುವ ಬಯೋಡೇಟಾದಲ್ಲಿ ಇದಕ್ಕೆ 'ರೈಲ್ವೆ ಯೋಜನಾ ತಜ್ಞ' ಅಂತ ಬರೆದುಕೊಂಡಿದ್ದೇನೆ.

ನಿಜವಾದ ಕೆಲಸ ಪಕ್ಕದ ಕುರ್ಚಿಯ ಸತ್ತಾರ್ ಭಾಯ್‌ದು. ಮೈಸೂರಿನವರು, ಐವತ್ತು ದಾಟಿದೆ. ಆ ರೈಲನ್ನು ಯಾರು ವರ್ಷಕ್ಕೆ ಎಷ್ಟು ಸಲ ಹತ್ತುತ್ತಾರೆಂದು ಅಂದಾಜು ಮಾಡುತ್ತಾರೆ. ರೆಂಟನ್‌ನ ಮನೆಯಿಂದ ಡೆನ್ನಿ ಟ್ರಯಾಂಗಲ್‌ನ ನಮ್ಮ ಆಫೀಸಿಗೆ ಬಸ್ಸಿನಲ್ಲಿ ಎಪ್ಪತ್ತು ನಿಮಿಷ. ಬಂದು, ಊಟದ ಡಬ್ಬಿ ಮೇಜಿನ ಕೆಳಗಿಟ್ಟು, ಜನರನ್ನು ಐವತ್ತೆಂಟು ನಿಮಿಷದಲ್ಲಿ ಪರದೇಶಕ್ಕೆ ಕಳಿಸಲು ಕೂರುತ್ತಾರೆ.

ಅವರ ಅಂದಾಜಿನಲ್ಲಿ 'ಗಡಿಯಾಚೆ ಒಡಹುಟ್ಟಿದವರಿರುವ ಉದ್ಯೋಗಿ' ಎಂಬ ಸಾಲಿದೆ. ಅಂಥವರು ವರ್ಷಕ್ಕೆ ಹನ್ನೆರಡು ಸಲ ಹೋಗುತ್ತಾರಂತೆ. ಭಾಯ್ ತಂಗಿ ಖದೀಜಾ ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿದ್ದಾರೆ. ಅಮೆರಿಕಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಭಾಯ್ ಒಂದು ಸಲವೂ ಹೋಗಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರಿಗೆ ಆಚೆ ಹೋದರೆ ವಾಪಸ್ ಬಿಡುತ್ತಾರೋ ಇಲ್ಲವೋ ಎಂಬ ಭಯ. ತಂಗಿಯೇ ಬಂದು ಹೋಗುತ್ತಿದ್ದರು.

ಈ ವರ್ಷ ಖದೀಜಾ ಅವರ ಮಗಳು ಆಯತ್‌ಗೆ ನಿಕಾಹ್ ಗೊತ್ತಾಯಿತು. ತಂದೆಯಿಲ್ಲದ ಹುಡುಗಿ. ನಿಕಾಹ್‌ನಲ್ಲಿ ಹೆಣ್ಣಿನ ಪರ ನಿಲ್ಲುವ ವಕೀಲರಾಗಿ ತನ್ನ ಒಪ್ಪಿಗೆ ಕೇಳುವವರು ಮಾಮುವೇ ಆಗಬೇಕು, ಇಲ್ಲವಾದರೆ ಮದುವೆಯೇ ಬೇಡ ಎಂದು ಇಂಗ್ಲಿಷಿನಲ್ಲಿ ಹಟ ಹಿಡಿದಳು. ಭಾಯ್ ಧೈರ್ಯ ಮಾಡಿ ಕೆನಡಾ ವೀಸಾಕ್ಕೆ ಅರ್ಜಿ ಹಾಕಿದರು. ಹದಿನೈದು ದಿನ ಸಾಕು ಭಾಯ್ ಎಂದು ಅಭಯ ಕೊಟ್ಟವನು ನಾನೇ. ಯಾವುದೋ ವಿಡಿಯೋದಲ್ಲಿ ನೋಡಿದ್ದೆ.

ಅರವತ್ತೊಂದು ದಿನ ಕಳೆದರೂ ಉತ್ತರವಿಲ್ಲ. ಎಲ್ಲರೂ ಈಚೆಗೆ ಬರೋಣವೆಂದರೆ ಗಂಡಿನ ಕಡೆಯವರಿಗೆ ಅಮೆರಿಕದ ವೀಸಾ ಇಲ್ಲ. ಕೊನೆಗೆ ಖದೀಜಾ ದಾರಿ ಹುಡುಕಿದರು. ಗಡಿಯ ಮೇಲೆಯೇ ಒಂದು ಪಾರ್ಕಿದೆ. ಎರಡೂ ಕಡೆಯವರು ವೀಸಾ ಇಲ್ಲದೆ ಅಲ್ಲಿ ಸೇರಬಹುದು, ಬಂದ ಕಡೆಗೇ ಹಿಂದಿರುಗಿದರಾಯಿತು.

ತಪ್ಪು ಸಲಹೆಯ ದಂಡವೆಂದು ಶನಿವಾರ ಅವರನ್ನು ಕಾರಿನಲ್ಲಿ ನಾನೇ ಕರೆದೊಯ್ದೆ. ಹುಲ್ಲಿನ ಮೇಲೆ ಚಾಪೆ ಹಾಸಿ ಇಪ್ಪತ್ತು ನಿಮಿಷದಲ್ಲಿ ನಿಕಾಹ್ ಮುಗಿಯಿತು. ಭಾಯ್ ಮೂರು ಸಲ ಕೇಳಿದರು, ಆಯತ್ ಮೂರು ಸಲ ಕಬೂಲ್ ಎಂದಳು. ಆಮೇಲೆ ಉಳಿದವರೆಲ್ಲ ಊಟಕ್ಕೆ ಸರ್ರೆಯ ಹಾಲ್‌ಗೆ ಹೊರಟರು. ಭಾಯ್ ಕೈಗೆ ಬಿರಿಯಾನಿ ಡಬ್ಬಿ ಬಂತು. ಕಾರುಗಳು ಮರೆಯಾಗುವವರೆಗೆ ನಿಂತಿದ್ದು, "ಹಾಲ್ ಇಲ್ಲಿಂದ ಹದಿನೆಂಟೇ ನಿಮಿಷವಂತೆ," ಎಂದರು.

ಸೋಮವಾರ ಅವರು ರೈಲಿನ ಫೈಲ್ ತೆರೆದರು. 'ಗಡಿಯಲ್ಲಿ ಕಾಯುವ ಸಮಯ' ಎಂಬಲ್ಲಿ ಸೊನ್ನೆ ಇತ್ತು. ಅದನ್ನು ಅಳಿಸಿ 87,840 ನಿಮಿಷ ಹಾಕಿದರು. ಅರವತ್ತೊಂದು ದಿನ. ಅಂದಾಜಿನಲ್ಲಿದ್ದ ಪ್ರಯಾಣಿಕರೆಲ್ಲ ಒಂದೇ ಏಟಿಗೆ ರೈಲಿನಿಂದ ಇಳಿದುಬಿಟ್ಟರು.

ಮ್ಯಾನೇಜರ್ ಮಹೇಶ ನೋಡಿದರು, ನಗಲಿಲ್ಲ. ಗುರುವಾರ ಸಾರ್ವಜನಿಕ ಸಭೆಯಿದೆ, ಸೊನ್ನೆ ವಾಪಸ್ ಹಾಕು ಎಂದು ನನಗೆ ಹೇಳಿದರು. ನನ್ನ ವೀಸಾ ನವೀಕರಣದ ಪತ್ರ ಅವರ ಸಹಿಗೆ ಕಾಯುತ್ತ ಮೇಜಿನ ಮೇಲಿತ್ತು. ಸೊನ್ನೆ ಹಾಕಿದೆ. ಧಾರಾಳವಾಗಿ ಗೆರೆಯನ್ನೂ ಸ್ವಲ್ಪ ದಪ್ಪ ಮಾಡಿದೆ.

ಭಾಯ್ ಮುಖ ನೋಡಲಾಗದೆ ಕೂತಿದ್ದಾಗ ಅವರೇ ಡಬ್ಬಿ ಈಚೆ ತಳ್ಳಿದರು.

"ತಿನ್ನು ಮರಿ. ಆರು ವರ್ಷದ ಹಿಂದೆ ಆ ಸೊನ್ನೆ ಹಾಕಿದ್ದೇ ನಾನು. 'ಪ್ರಯಾಣಿಕರ ಪೇಪರ್ ಎಲ್ಲ ಸರಿಯಾಗಿರುತ್ತೆ' ಅಂದ್ಕೊಂಡಿದ್ದೆ."

ಆಮೇಲೆ ಒಡಹುಟ್ಟಿದವರ ಸಾಲಿಗೆ ಹೋಗಿ, ಹನ್ನೆರಡನ್ನು ಅಳಿಸಿ, ಅರ್ಧ ಎಂದು ಹಾಕಿ, ಬಸ್ಸಿಗೆ ಹೊರಟರು. ಗಡಿಯ ಪಾರ್ಕಿನವರೆಗಿನ ಅರ್ಧ ದಾರಿಯ ಲೆಕ್ಕ. ಮಹೇಶ ಅದನ್ನು ಗಮನಿಸಿಲ್ಲ. ನಾನು ಮುಟ್ಟಿಲ್ಲ.